ಬೆರಳು ಹೋಗುವಷ್ಟು

ಒಂದೇ ಹಾಳಿ ಸಾಕು ಅಂದರು ಕಲಕೇರಿ ಸಾಹೇಬರು,
ನಾಳೆ ಹತ್ತರ ಮೀಟಿಂಗಿಗೆ.
ಒಂದೇ ಹಾಳಿಯಲ್ಲಿ ಗದಗ ಜಿಲ್ಲೆ, ಅದರೊಳಗೆ ಏಳು ತಾಲೂಕು,
ತಾಲೂಕಿನೊಳಗೆ ಪಂಚಾಯ್ತಿ, ಅದರೊಳಗೆ ಊರು,
ಊರೊಳಗೆ ಮನೆ, ಮನೆಗೆ ನಳ ಇದೆಯೋ ಇಲ್ಲವೋ.
‘ನೋಡಿದ ಕೂಡ್ಲೆ ತಿಳೀಬೇಕ್ರೀ ನೀಲಗಂಗಾ,
ಓದೂಹಂಗ ಇರಬಾರ್ದು.’

ಮೊದಲು ಗಿಡ ಬರೆದೆ.
ಬೇರು ಮೇಲೆ, ಎಲೆ ಕೆಳಗೆ; ಕಚೇರಿಯ ಗಿಡ ಬೆಳೆಯುವುದೇ ಹಾಗೆ.
ಯಾರ ಕೈಕೆಳಗೆ ಯಾರು ಎಂಬುದು ಸಾಫಾಗಿ ಕಂಡಿತು,
ಯಾರು ಎಷ್ಟು ಎಂಬುದು ಕಾಣಲಿಲ್ಲ.
ಎರಡು ಸಾವಿರ ಮನೆಯ ಊರಿಗೂ ಹನ್ನೊಂದು ಮನೆಯದಕ್ಕೂ
ಅದೇ ಗೆರೆ, ಅದೇ ಚುಕ್ಕಿ.
ಮುಂಡರಗಿ ಮುಗಿಯುವ ಮೊದಲೇ ಹಾಳಿ ಮುಗಿಯಿತು.

ಆಮೇಲೆ ಉಳ್ಳಾಗಡ್ಡಿ. ಅಡ್ಡ ಕೊಯ್ದರೆ ಬಳೆಯ ಸುತ್ತ ಬಳೆ:
ನಡುವೆ ಜಿಲ್ಲೆ, ಸುತ್ತ ತಾಲೂಕು, ಹೊರಬಳೆಯಲ್ಲಿ ಊರು.
ಪಕ್ಕದ ಟೇಬಲ್ಲಿನ ಬೀಬಿಜಾನ ಎದ್ದು ಬಂದು
‘ರಂಗೋಲಿ ಆತಲ್ಲಬೇ’ ಅಂದಳು.
ಚಂದವೇನೋ ಹೌದು. ಆದರೆ ಅಂಚಿನ ಊರುಗಳೆಲ್ಲ ಕೂದಲೆಳೆ,
ಹೆಸರು ಓದಲು ಕತ್ತು ಹೊರಳಿಸಬೇಕು,
ಬಾಗಿದ ಎರಡು ತುಂಡುಗಳಲ್ಲಿ ಯಾವುದು ದೊಡ್ಡದೆಂದು
ಖಚಿತ ಹೇಳುವ ಕಣ್ಣು
ರೊಟ್ಟಿ ಹರಿದು ಹಂಚುತ್ತಿದ್ದ ನಮ್ಮಮ್ಮನಿಗೂ ಇರಲಿಲ್ಲ.

ಗುಂಡು ಡಬ್ಬಿಯೊಳಗೆ ಗುಂಡು ಡಬ್ಬಿಗಳನ್ನೂ ಇಟ್ಟು ನೋಡಿದೆ.
ನಡುವೆ ಉಳಿದ ಸಂದಿ ಯಾವ ಊರಿಗೂ ಸೇರಿದ್ದಲ್ಲ.

ಸಂಜೆ ಆರಕ್ಕೆ ಚೌಕ.
ಹಾಳಿಯೇ ಜಿಲ್ಲೆ; ಅಣ್ಣತಮ್ಮಂದಿರು ಹೊಲ ಹಿಸ್ಸೆ ಮಾಡಿದ ಹಾಗೆ
ಅದನ್ನು ಏಳು ಮಾಡಿ, ಬದುವಿನೊಳಗೆ ಬದು ಹಾಕಿ,
ಮನೆ ಎಷ್ಟೋ ಜಾಗ ಅಷ್ಟು.
ನಳ ಇದ್ದದ್ದು ನೀಲಿ, ಇಲ್ಲದ್ದು ಕಾವಿ.
ಪರದೆ ತುಂಬಿತು. ನನ್ನ ಕೈ ನಿಂತಿತು.
ಇದನ್ನು ನಾನು ಮೊದಲೇ ಎಲ್ಲೋ ನೋಡಿದ್ದೆ.

ಬೆಟಗೇರಿಯ ಪ್ರೆಸ್ಸು. ಅಪ್ಪ ದಿನವಿಡೀ ನಿಂತಿರುತ್ತಿದ್ದ ಓರೆ ಮೇಜು,
ಅದರ ಮೇಲೆ ಕಟ್ಟಿಗೆಯ ಕೇಸು, ಕೇಸಿನೊಳಗೆ ಖಾನೆ,
ನೂರಾರು ಖಾನೆ, ಒಂದರಷ್ಟು ಒಂದಿಲ್ಲ.
ದ, ರ, ನ, ಲ ಎಂಬ ಗೌಡರಿಗೆ ಅಂಗಳದಷ್ಟು ಜಾಗ, ಕೈಗೆ ಹತ್ತಿರ.
ಒತ್ತಕ್ಷರಗಳದು ಬೇರೆ ಓಣಿ.
ಮದುವೆ ಕಾರ್ಡಿನ ದಿನಗಳಲ್ಲಿ ‘ಚಿ’ ಮುಗಿದು
ಪಕ್ಕದ ಪ್ರೆಸ್ಸಿಗೆ ನನ್ನನ್ನು ಕಡ ತರಲು ಅಟ್ಟುತ್ತಿದ್ದ,
ಅಂಗೈಯಲ್ಲಿ ಆರು ‘ಚಿ’ ಬಿಗಿ ಹಿಡಿದು ಓಡಿ ಬರುತ್ತಿದ್ದೆ.
ಎಷ್ಟು ಬಳಕೆಯೋ ಅಷ್ಟು ಅಗಲ.
ತುದಿಯ ಮೂಲೆಯಲ್ಲಿ ಙ.

‘ಇದು ಎದಕ್ಕಪಾ? ಯಾರೂ ಬರೆಯಂಗಿಲ್ಲಲ್ಲ.’
‘ಯಾರರೆ ವಾಙ್ಮಯ ಅಂತ ಬರದು ತಂದ್ರ ಏನ್ಮಾಡ್ಲಿ?’
ಮೊಳೆ ಜೋಡಿಸುತ್ತಲೇ ಅಂದ:
‘ಲೆಕ್ಕದ ಪ್ರಕಾರ ಇದರ ಖಾನಿ ಅಕ್ಕಿಕಾಳಿನಷ್ಟು.
ಆದ್ರ ಬೆರಳು ಹೋಗಬೇಕಲ್ಲವಾ.
ಬೆರಳು ಹೋಗದ ಖಾನಿ ಇದ್ರೇನು, ಬಿಟ್ರೇನು.’

ಪರದೆಯ ಕೆಳಮೂಲೆಯಲ್ಲಿ ಹುಡುಕಿದೆ.
ಶಿರಹಟ್ಟಿಯ ಪಾಲಿನಲ್ಲಿ ಬಿಕ್ಕನಗುಡ್ಡ, ಹನ್ನೊಂದು ಮನೆ, ನಳ ಸೊನ್ನೆ.
ಎರಡು ಬದುಗಳ ನಡುವೆ ಅದೂ ಬದುವೇ ಆಗಿಹೋಗಿತ್ತು.
ಉಳಿದ ಜಿಲ್ಲೆ ನೀಲಿ, ಕೆರೆಯಷ್ಟು ನೀಲಿ.
ನೋಡಿದ ಕೂಡಲೆ ತಿಳಿಯುತ್ತಿತ್ತು.

ಸಣ್ಣ ಖಾನೆಗಳನ್ನೆಲ್ಲ ಬೆರಳಿನಷ್ಟು ಮಾಡಿದೆ.
ಪ್ರಮಾಣ ತಪ್ಪುತ್ತದೆ, ಗೊತ್ತು;
ಗದಗ ಶಹರದ ಪಾಲಿನಿಂದ ಒಂದೆರಡು ಓಣಿ ಕದ್ದ ಹಾಗೆ.
ಅದಕ್ಕೇ ಅಡಿಯಲ್ಲಿ ಒಪ್ಪಿಕೊಂಡೆ:
‘ಐವತ್ತು ಮನೆಗಿಂತ ಸಣ್ಣ ಊರುಗಳು ಅಳತೆಗೆ ಮೀರಿ ಇವೆ.’

ಬೆಳಿಗ್ಗೆ ಸಾಹೇಬರು ಹಾಳಿಯ ಮೂಲೆ ಹಿಡಿದು ಎತ್ತಿದರು.
ಹೆಬ್ಬೆರಳು ಬಿಕ್ಕನಗುಡ್ಡದ ಮೇಲೇ ಕೂತಿತ್ತು.
ತೆಗೆದರು. ‘ಇದೇನ್ರೀ, ಇಲ್ಲಿ, ಕಾವಿ?’
ನಾನು ಹೇಳಲಿಲ್ಲ.
ಜೇಬು ತಡವಿ, ಕನ್ನಡಕ ಹಾಕಿಕೊಂಡರು.